ಆಯಿಗಾಗಿ ಕಟ್ಟಿದ ಕೋಟೆ

ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಸಿಂಧನೂರು ಬಸ್ಸಿಗೆ ಕಾಯುತ್ತಿದ್ದ ಶಿವಲಿಂಗಮ್ಮನ ಪಕ್ಕದಲ್ಲೇ ಸುಕನ್ಯಾ, ವೀರೇಶ ಎಂಬ ಅಕ್ಕ ತಮ್ಮ ಮಾತಿಗಿಳಿದಿದ್ದರು.

“ಅಕ್ಕಾ, ಗೇಮಿನ್ಯಾಗ ನೀ ಕಟ್ಟಿದ ಮುದಗಲ್ ಕೋಟೆ ಭಾಳ ದೊಡ್ಡದಾಗೇತಿ. ಮೆಟ್ಟಲ ಹತ್ತಾಕ ಹೋದ್ರ ಗೇಮ್ ನಿಂತ ಬಿಡ್ತೈತಿ. ಒಂದೆರಡು ಬುರುಜು ಕೆಡವು.”

“ಒಂದು ಕಲ್ಲೂ ತೆಗಿಯಂಗಿಲ್ಲ ವೀರೇಶ. ಗೇಮಿಗೆ ಕಂಪ್ಯೂಟರಿನ ಮೆಮರಿ ಜಾಸ್ತಿ ಕೊಡ್ತೀನಿ.”

“ಹಂಗಾರ ಇದ್ದದ್ದೆಲ್ಲಾ ಕೊಟ್ಟಬಿಡು.”

“ಎಲ್ಲಾ ಕೊಟ್ರ ಕಂಪ್ಯೂಟರ್ ನಡ್ಯಾಕ ಏನ್ ಉಳಿತೈತಲೇ? ಅರ್ಧ ಸಾಕು.”

“ಆದ್ರೂ ನಿಂತ್ರ?”

“ಮತ್ತ ಸರಿ ಮಾಡ್ತೀನಿ. ಆಯಿ ಹಾಸಿಗಿ ಹಿಡದಾಳ. ಒಮ್ಮೆರ ಕೋಟೆ ಹತ್ತಬೇಕು ಅಂತ ದಿನಾ ಅನ್ನಾಕತ್ತಾಳ.”

ಅಜ್ಜಿಯ ಮಾತು ಕಿವಿಗೆ ಬಿದ್ದೊಡನೆ ಶಿವಲಿಂಗಮ್ಮ ಮೆಲ್ಲಗೆ ಅವರತ್ತ ಹೊರಳಿ ಕುಳಿತಳು. ಅಷ್ಟರಲ್ಲಿ ಮುದಗಲ್ ಬಸ್ ಬಂತು. ಸುಕನ್ಯಾ ಗದ್ದಲದಲ್ಲಿ ನುಗ್ಗಿ ಹತ್ತಿ, ತಮ್ಮನತ್ತ ಕೈ ಚಾಚಿದಳು.

“ಬಾ ಲೇ, ಇವತ್ತ ಸಂಜಿಕ ಆಯಿನ್ನ ನಾ ಕಟ್ಟಿದ ಬುರುಜಿನ ಮ್ಯಾಲ ನಿಂದ್ರಸೋಣು!”