ಹನ್ನೊಂದು ದಿನ ಬರೆದ ಕೈ

ಅರವತ್ತೆರಡನೇ ಇಸವಿ, ಪಿತೃಪಕ್ಷದ ಅಮಾವಾಸ್ಯೆಯ ಮುನ್ನಾದಿನ. ಹೊಳೆನರಸೀಪುರದಲ್ಲಿ ಕೊಣನೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹಳ್ಳಿ ಹೆಂಗಸಿನ ಮಡಿಲಲ್ಲಿ, ಮೈಸೂರಿನಿಂದ ಬಂದಿಳಿದ ಅವಳ ಮಗ ತಾನು ಬರೆದ ಚಿತ್ರ ಬಿಚ್ಚಿದ. ಚರ್ಮ ಬಿಡಿಸಿದ ಒಂದು ಎಡಗೈ. ನಾನು ಮುಖ ತಿರುಗಿಸಿದೆ, ಅವಳು ತಿರುಗಿಸಲಿಲ್ಲ.

"ಇದ್ಯಾರ ಕೈ ಮಗ?"

"ಗೊತ್ತಿಲ್ಲ ಕಣವ್ವ. ಆಸ್ಪತ್ರೇಲಿ ತೀರ್ಕೊಂಡ ಹೆಂಗಸು. ಯಾರೂ ಕೇಳ್ಕೊಂಡು ಬರ್ಲಿಲ್ಲ, ಡಾಕ್ಟ್ರು ಓದೋ ಕಾಲೇಜಿಗೆ ಕೊಟ್ಬುಟ್ರು. ಹುಡುಗ್ರು ಕಲಿಯೋಕೆ ನಾನು ಚಿತ್ರ ಬರ್ದುಕೊಡ್ಬೇಕು."

"ಅವ್ಳನ್ನ ಒಂದು ಮಾತು ಕೇಳಿದ್ರಾ?"

"ಸತ್ತೋರ್ನ ಎಂಗವ್ವ ಕೇಳೋದು?"

"ಉಸಿರಿದ್ದಾಗ ಕೇಳ್ಬೋದಿತ್ತು."

ಮಗ ಸುರುಳಿಯಾಗುತ್ತಿದ್ದ ಚಿತ್ರದ ಅಂಚನ್ನು ಒತ್ತಿ ಹಿಡಿದ. ತಾಯಿ ಮತ್ತೆ ಕೇಳಿದಳು.

"ಎಷ್ಟು ದಿನ ಬರ್ದೆ?"

"ಹನ್ನೊಂದು ದಿನ."

"ಹನ್ನೊಂದು ದಿನ ಪಕ್ಕದಲ್ಲಿ ಕುಂತಿದ್ದೀಯ, ನೀನೇ ಮಗ ಆದಂಗಾಯ್ತು. ನಾಳೆ ನಿಮ್ಮಪ್ಪನ ಎಡೆ ಪಕ್ಕ ಅವ್ಳಿಗೂ ಒಂದೆಲೆ ಹಾಕಾನ."

"ಯೆಸ್ರೇ ಗೊತ್ತಿಲ್ವಲ್ಲವ್ವ."

"ಯೆಸ್ರಿಲ್ದಿದ್ರೂ ಆಯ್ತದೆ. ಇಷ್ಟಪಟ್ಟು ಉಣ್ತಿದ್ದುದ್ನ ಬಡಿಸ್ಬೇಕು. ಚರ್ಮ ತೆಗೆಯೋಕೆ ಮುಂಚೆ ಕೈ ನೋಡಿದ್ಯಾ?"

"ನೋಡಿದ್ದೆ. ಅಂಗೈ ಜಡ್ಡು ಕಟ್ಟಿತ್ತು. ತೋರುಬೆರಳಲ್ಲಿ ಕುಡ್ಲು ತಾಗಿದ ಗುರುತಿತ್ತು, ನಿನ್ ಬೆರಳಲ್ಲಿರೋ ಅಂಗೇ."

ತಾಯಿ ತನ್ನ ಎಡಗೈ ಬೆರಳನ್ನು ನೋಡಿಕೊಂಡಳು.

"ಅಂಗಾದ್ರೆ ರಾಗಿ ಕುಯ್ದೋಳು ಕಣ. ಮುದ್ದೆ, ಉಳ್ಳಿಕಾಳ್ ಸಾರು ಮಾಡ್ತೀನಿ."

ಬಸ್ಸು ಬಂತು. ಅವಳು ಚಿತ್ರವನ್ನು ಸುತ್ತಿ, ಮಗನ ಕೈಗೆ ಕೊಡದೆ, ಸೆರಗು ಹೊದಿಸಿ ಎದೆಗವಚಿಕೊಂಡು ಹತ್ತಿದಳು.