ಒಂದು ಗಡಿಗಿಗೆ ಮೂರು ಕೈ ಉಪ್ಪು

...ಅಲ್ಲವ್ವ, ಉಪ್ಪು ಕಡಿಮಿ ಆದ್ರ ಮ್ಯಾಲೆ ಹಾಕ್ಕೊಂಡು ಉಣ್ಣಬಹುದು, ಹೆಚ್ಚಾದ್ರ ಏನು ಮಾಡ್ತಿ ನೀ? ಅದನ್ನ ಹೇಳು ಮೊದ್ಲು. ಆ ಫೋನ್ ಆಕಡಿ ಇಡು, ಇಲ್ಲಿ ಕಟ್ಟಿ ಮ್ಯಾಲೆ ಕುಂದ್ರು. ನಾಳಿ ನಾಕು ಮಂದಿ ಉಣ್ಣಾಕ ಬರ್ತಾರಂತ ಇವತ್ತಿಂದನ ತಲಿ ಮ್ಯಾಲೆ ಕೈ ಹೊತ್ತು ಕುಂತೀಯಲ್ಲ, ಹೋಟೆಲ್‌ನಿಂದ ತರಿಸೋಣ ಅಜ್ಜಿ ಅಂತೀಯಲ್ಲ, ನಾಚಿಕಿ ಬರಂಗಿಲ್ಲೇನು ಬೇ? ನಾಕು ಮಂದಿ ಅಂದ್ರ ನಾಕು ಮಂದಿ. ನಾನು ಐದು ಮಂದಿಗೆ ಅಂತ ಒಲಿ ಹೊತ್ತಿಸಿ ಹದಿನೈದು ಮಂದಿಗೆ ನೀಡಿದಾಕಿ. ಅದೂ ಯಾವ ಕಾಲದಾಗ? ಮನ್ಯಾಗ ಬೆಲ್ಲದ ಚೂರು ಇದ್ದಿಲ್ಲ ಆವಾಗ. ಸುಳ್ಳಲ್ಲ. ಇದ್ದಿಲ್ಲ ಅಂದ್ನಲ್ಲ, ತಡಿ, ಇತ್ತು, ಒಂದು ನಿಂಬಿಹಣ್ಣಿನಷ್ಟು ಇತ್ತು, ನಮ್ಮತ್ತಿ ಸೀರಿ ಗಂಟಿನ್ಯಾಗ ಕಟ್ಟಿ ಟ್ರಂಕಿನ್ಯಾಗ ಇಟ್ಟಿದ್ಲು.

ನಾನು ಗೊರೇಬಾಳದಾಕಿ, ಗೊತ್ತೈತಲ್ಲ. ಈಗ ಗೊರೇಬಾಳ ಅಂದ್ರ ಎಲ್ಲಿ ನೋಡಿದ್ರೂ ಭತ್ತದ ಗದ್ದಿ, ಕಾಲುವಿ ನೀರು. ಆವಾಗ ಕಾಲುವಿ ಇನ್ನೂ ಬಂದಿದ್ದಿಲ್ಲ, ಬರೀ ಎರಿಹೊಲ, ಬಿಳಿಜೋಳ. ಅಲ್ಲಿಂದ ಮಸ್ಕಿಗೆ ಸೊಸಿಯಾಗಿ ಬಂದೆ. ಪೊಲೀಸ್ ಆಕ್ಷನ್ ಆಗಿ ಒಂದು ವರ್ಷ, ಅಲ್ಲಲ್ಲ, ಎರಡು ವರ್ಷ ಆಗಿರಬೇಕು. ರಜಾಕಾರರ ಗದ್ದಲದಾಗ ನಮ್ಮತ್ತಿ ಮನ್ಯಾಗಿನೋರೆಲ್ಲ ಮನಿ ಬಿಟ್ಟು ಹೊಳಿ ಆಚಿಗೆ ಓಡಿಹೋಗಿದ್ರಂತ. ತಿರುಗಿ ಬಂದ್ರ ಮನಿಗೆ ದರ್ವಾಜ ಇಲ್ಲ, ನೆಲದಾಗ ಕಾಳು ತುಂಬಿಡೋ ಹಗೇವಿನ್ಯಾಗ ಒಂದು ಕಾಳು ಜೋಳ ಇಲ್ಲ, ತಾಮ್ರದ ಹಂಡೆ ಇಲ್ಲ. ಬೀಸುಕಲ್ಲು ಒಂದು ಉಳಿದಿತ್ತು, ಯಾರಿಗೆ ಎತ್ತಾಕ ಆಗ್ತೈತಿ ಅದನ್ನ? ಅದರ ಮ್ಯಾಲೆ ಕಂಟ್ರೋಲ್ ಕಾಲ. ಸಕ್ರಿ ಕಂಟ್ರೋಲ್, ಅರಿವಿ-ಬಟ್ಟಿ ಕಂಟ್ರೋಲ್, ಸೀಮೆಎಣ್ಣಿ ಕಂಟ್ರೋಲ್. ಪಾಳಿ ಹಚ್ಚಿ ನಿಂತ್ರ ಕೆಂಪು ಜೋಳ ಕೊಡ್ತಿದ್ರು. ಎಂಥಾ ಜೋಳ ಅಂತೀ! ಹಿಟ್ಟು ನಾದಿದ್ರ ಉದುರುದುರು, ರೊಟ್ಟಿ ಬಡಿಯಾಕ ಹೋದ್ರ ನಾಕು ಕಡಿ ಬಿರಿತಿತ್ತು. ಓಣ್ಯಾಗಿನ ಹೆಣ್ಮಕ್ಕಳೆಲ್ಲ ಆ ಜೋಳಕ್ಕ ಬೈಕೊಂತ ಅಡಿಗಿ ಮಾಡ್ತಿದ್ರು. ನಾನು? ನಾನು ಎಸರು ಕುದಿಕುದಿ ಇದ್ದಂಗ ಹಿಟ್ಟಿಗೆ ಸುರುವಿ, ಕೈ ಸುಡ್ತಿದ್ರೂ ಬಿಡದ ನಾದಿ, ಬಡಿದು ಹಂಚಿಗೆ ಹಾಕಿದ್ರ ಬುಸ್ಸಂತ ಉಬ್ಬತಿತ್ತು. ನಗಬ್ಯಾಡ ಬೇ, ಈಗಲೂ ಉಬ್ಬಿಸ್ತೀನಿ, ಹಂಚು ಇಡು ಬೇಕಾರ.

ಈಗ ಗಂಗವ್ವನ ಮಾತು ಕೇಳು. ಗಂಗವ್ವ ಅಂದ್ರ ನನ್ನ ನಾದಿನಿ, ನಿಮ್ಮಜ್ಜನ ತಂಗಿ. ನನಗಿಂತ ಒಂದು ವರ್ಷಕ್ಕ ದೊಡ್ಡಾಕಿ, ಆದ್ರ ನನ್ನ ‘ಅತ್ತಿಗಿ, ಅತ್ತಿಗಿ’ ಅಂತ ಬೆನ್ನಿಗೆ ಹತ್ತಿಕೊಂಡು ತಿರುಗ್ತಿದ್ಲು. ಆಕಿ ಹೊಟ್ಟ್ಯಾಗ ಒಂದು ಮಾತು ನಿಲ್ತಿದ್ದಿಲ್ಲ. ಕೇಳಿದ್ರ ಇದ್ದದ್ದು ಇದ್ದಂಗ ಹೇಳಾಕಿ. ಗದ್ದಲಕ್ಕ ಮೊದ್ಲು ಆಕಿಗೆ ಒಂದು ಕಡಿ ಮಾತಾಗಿತ್ತು, ಮನಿ ಬಿಟ್ಟು ಓಡಿದ್ಮ್ಯಾಲೆ ಅದು ಮುರೀತು. ಆಮ್ಯಾಲೆ ಎರಡು ಕಡಿಯೋರು ಕನ್ಯಾ ನೋಡಾಕ ಬಂದು, ಖಾಲಿ ಮನಿ ನೋಡಿ, ನೀರು ಕುಡಿದು ಎದ್ದು ಹೋದ್ರು. ನಮ್ಮಾವಗ ಸಾಕಾಗಿಹೋಗಿತ್ತು. ‘ಗುರುಗುಂಟಾದೋರು ಬರ್ತಾರ ಸಂತಿ ದಿನ. ಇದೂ ಆಗಲಿಲ್ಲಂದ್ರ ಜವಳಗೇರಿ ವರಗ ಕೊಟ್ಟುಬಿಡ್ತೀನಿ’ ಅಂದ್ರು. ಜವಳಗೇರಿ ವರ ಯಾರಂತೀ? ಹೆಂಡತಿ ಸತ್ತಾಂವ, ಮೂರು ಮಕ್ಕಳ ತಂದಿ, ತಲಿ ಅರ್ಧ ಬೆಳ್ಳಗಾಗಿತ್ತು. ಗಂಗವ್ವ ಅವತ್ತು ಹಿತ್ತಲದಾಗ ಪುಂಡಿಸೊಪ್ಪು ಹರ್ಕೊಂತ ಅತ್ತಳು. ‘ಅಳಬ್ಯಾಡ ಬೇ, ಗುರುಗುಂಟಾದೋರು ನಮ್ಮನಿ ರೊಟ್ಟಿ ಉಂಡು ಹೌದು ಅಂದು ಹೋಗಬೇಕು, ಹಂಗ ಮಾಡ್ತೀನಿ’ ಅಂದೆ. ಅಂದೇನೋ ಅಂದೆ, ಆದ್ರ ಅದು ಸಣ್ಣ ಕೆಲಸ ಅಲ್ಲ. ಯಾಕಂದ್ರ ಹುಡುಗನ ಸೋದರತ್ತಿ ಒಬ್ಬಾಕಿ ಬರಾಕಿದ್ಲು, ಚನ್ನಬಸವ್ವ ಅಂತ. ಅಲ್ಲೇ ತವರಮನ್ಯಾಗ ಇರಾಕಿ, ಆ ಮನ್ಯಾಗ ಎಲ್ಲಾ ಆಕಿ ಅಂದಂಗ. ಎರಡು ಊರಾಗ ಅರ್ಧ ರೊಟ್ಟಿಗೇ ಕೈ ತೊಳಕೊಂಡು ‘ನಡೀರಿ’ ಅಂದು ಬಂಡಿ ಹತ್ತಿದಾಕಿ ಅಂತ ಸುದ್ದಿ ಮೊದಲ ಬಂದಿತ್ತು.

ಸಂತಿ ದಿನ ಬಂತು. ಬರೋರು ಐದು ಮಂದಿ ಅಂತ ಹೇಳಿ ಕಳಿಸಿದ್ರು. ಮನ್ಯಾಗ ಇದ್ದ ತೊಗರಿಬ್ಯಾಳಿ ಅಷ್ಟೂ ಗಡಿಗಿಗೆ ಹಾಕಿ, ಪುಂಡಿಸೊಪ್ಪು, ಜೋಳದ ನುಚ್ಚು, ಹಸಿಮೆಣಸಿನಕಾಯಿ ಕೂಡಿಸಿ ಪುಂಡಿಪಲ್ಲೆ ಕುದಿಯಾಕ ಇಟ್ಟೆ. ಗುರೆಳ್ಳು ಹುರಿದು ಬಳ್ಳೊಳ್ಳಿ ಹಾಕಿ ಹಿಂಡಿ, ನೀವು ಚಟ್ನಿಪುಡಿ ಅಂತೀರಲ್ಲ ಅದನ್ನ, ಕುಟ್ಟಿದೆ. ಶೇಂಗಾ ಹಿಂಡಿ ಬ್ಯಾರೆ. ಆ ನಿಂಬಿಹಣ್ಣಿನಷ್ಟು ಬೆಲ್ಲಕ್ಕ ಸಜ್ಜಿಹಿಟ್ಟು ಕಲಿಸಿ ಮಾದಲಿ ಮಾಡಿದ್ಲು ನಮ್ಮತ್ತಿ. ಈಗ ಒಂದು ಮಾತು ತಿಳ್ಕೋ, ಇದು ತಿಳಿಲಿಲ್ಲಂದ್ರ ಮುಂದಿಂದು ತಿಳಿಯಂಗಿಲ್ಲ. ನಮ್ಮನ್ಯಾಗ ಲಿಂಗಪೂಜೆ ಆಗಿ, ದೇವರಿಗೆ ಎಡಿ ತೋರಿಸೋತನಕ ಅಡಿಗಿಗೆ ನಾಲಿಗಿ ಹಚ್ಚಂಗಿಲ್ಲ. ಸೌಟಿನ ತುದಿಯಿಂದ ಅಂಗೈ ಮ್ಯಾಲೆ ಹಾಕ್ಕೊಂಡು ನೆಕ್ಕೋದು ಇದ್ದಿಲ್ಲ. ಉಪ್ಪು, ಖಾರ, ಹುಳಿ, ಎಲ್ಲಾ ಕೈಯಂದಾಜ. ಒಂದು ಗಡಿಗಿಗೆ ಒಂದು ಕೈ ಉಪ್ಪು, ಮುಗೀತು. ನಮ್ಮತ್ತಿ ಇದರಾಗ ಭಾಳ ಕಟ್ಟುನಿಟ್ಟು. ನೀವು ಹಂಗಲ್ಲ, ಒಲಿ ಮ್ಯಾಲೆ ಇದ್ದಾಗ ಅರ್ಧ ಉಂಡಿರ್ತೀರಿ.

ನಾನು ಪಲ್ಲೆಗೆ ಒಂದು ಕೈ ಉಪ್ಪು ಹಾಕಿ ಹೊರಗ ಛಪ್ಪರದಾಗ ರೊಟ್ಟಿ ಒಲಿ ಮುಂದ ಕುಂತೆ. ಬಡಿಯಾಕತ್ತೀನಿ, ಬಡಿಯಾಕತ್ತೀನಿ, ಒಂದಲ್ಲ ಎರಡು ಬಂಡಿ ಬಂದು ನಮ್ಮ ಮನಿ ಮುಂದ ನಿಂತುವು. ಸಂತಿಗೆ ಬರೋರೆಲ್ಲ ಬೀಗರ ಜೋಡಿ ಬಂಡಿ ಹತ್ಯಾರ! ಮುದುಕರು ಇಳಿದ್ರು, ಹೆಣ್ಮಕ್ಕಳು ಇಳಿದ್ರು, ಸಣ್ಣಸಣ್ಣ ಕೂಸು ಇಳಿದುವು. ಎಣಿಸಿದೆ. ಹದಿನೈದು ಮಂದಿ. ನಮ್ಮತ್ತಿ ಒಳಗ ಬಂದು ಕಂಬಕ್ಕ ಆತು ಕುಂತುಬಿಟ್ಲು. ‘ಮುಗೀತು ನಮ್ಮ ಇಜ್ಜತ್ತು. ಬ್ಯಾಳಿ ಇಲ್ಲ, ಬೆಲ್ಲ ಇಲ್ಲ, ಯಾರ ಎಲಿಗೆ ಏನು ನೀಡಲಿ?’ ಅಂದ್ಲು. ರೊಟ್ಟಿ ಫಿಕರ್ ಇದ್ದಿಲ್ಲ. ಓಣ್ಯಾಗ ಬೀಗರು ಬಂದ್ರ ಬಾಜೂ ಮನಿಯೋರು ಎರಡೆರಡು ರೊಟ್ಟಿ ಬಡಿದು ಕೊಡೋ ರೂಢಿ ಇತ್ತು, ಬಂಡಿ ನೋಡಿದ್ದ ತಡ ಆಗಲೇ ಎಲ್ಲಾರ ಮನ್ಯಾಗ ಪಟಪಟ ಸಪ್ಪಳ ಸುರುವಾಗಿತ್ತು. ಪಲ್ಲೆದ್ದ ಚಿಂತಿ.

ನಾನು ಗಡಿಗಿ ನೋಡಾಕ ಒಳಗ ಹೋದೆ. ಉಪ್ಪಿನ ಮಡಿಕಿ ಬಾಯಿ ತೆರದಿತ್ತು. ನಾ ಮುಚ್ಚಿ ಹೋಗಿದ್ದೆ. ಇಣಿಕಿದ್ರ ಉಪ್ಪು ತಳಕ್ಕ ಹೋಗೇತಿ. ‘ಅತ್ತೀ, ನೀವೇನರ ಉಪ್ಪು ಹಾಕೀರೇನ್ರಿ?’ ಅಂದೆ. ‘ಹಾಕ್ಲಾರದ ಏನ? ನೀ ಗೊರೇಬಾಳದಾಕಿ, ನಿಮ್ಮೂರ ಕೈ ಸಪ್ಪನ ಕೈ. ಪೂಜಿ ಮುಗಿಸಿ ಬಂದು ನಾನ ಒಂದು ಕೈ ಹಾಕಿದೆ’ ಅಂದ್ಲು. ನಂದೊಂದು, ಅತ್ತಿದೊಂದು, ಎರಡು ಕೈ ಆತು. ಅಷ್ಟರಾಗ ಗಂಗವ್ವ ಹೊಸ ಸೀರಿ ಉಟ್ಟು ಬಾಗಲದಾಗ ನಿಂತಾಳ, ಮಾರಿ ಬೆಳ್ಳಗಾಗೇತಿ. ‘ಅತ್ತಿಗಿ...’ ಅಂದ್ಲು. ‘ಏನ ಬೇ?’ ‘ಅವ್ವ ಅಂದಿದ್ಲು, ಅಡಿಗಿ ಹುಡುಗಿನ ಮಾಡ್ಯಾಳ ಅಂತ ಹೇಳೋದೈತಿ, ಸುಳ್ಳು ಆಗಬಾರ್ದು, ಒಂದ್ಸಲ ಕೈ ಹಚ್ಚಿ ಬಾ ಅಂತ. ನನಗ ಏನು ಹಾಕಬೇಕು ತಿಳೀಲಿಲ್ಲ, ಒಂದು ಕೈ ಉಪ್ಪು...’ ನಮ್ಮತ್ತಿ ತಲಿ ತಲಿ ಬಡಕೊಂಡ್ಲು. ನನಗೂ ಸಿಟ್ಟು ಬಂತು, ನನ್ನ ಕೈ ಸಪ್ಪನ ಕೈ ಅಂದಿದ್ದಕ್ಕ ಭಾಳ ಸಿಟ್ಟು ಬಂತು. ಒಂದು ಗಡಿಗಿ, ಮೂರು ಕೈ ಉಪ್ಪು, ಹೊರಗ ಗುರುಗುಂಟಾದೋರು ಕೈಕಾಲು ತೊಳಕೊಳ್ಳಾಕತ್ಯಾರ. ನಾಲಿಗಿ ಹಚ್ಚಿ ನೋಡೋಣಂದ್ರ ಎಡಿ ಆಗಿಲ್ಲ.

ಆಮ್ಯಾಲೆ ನಾನು ನಕ್ಕುಬಿಟ್ಟೆ. ಖರೇನ, ಗಡಿಗಿ ಮುಂದ ನಿಂತು ನಕ್ಕೆ. ನಮ್ಮತ್ತಿ ‘ಹುಚ್ಚು ಹಿಡೀತೇನು ಇದಕ್ಕ?’ ಅಂದ್ಲು. ‘ಅತ್ತೀ, ಎಷ್ಟು ಮಂದಿಗೆ ಮಾಡಿದ್ವಿ?’ ‘ಐದು.’ ‘ಬಂದೋರು?’ ‘ಹದಿನೈದು.’ ‘ಉಪ್ಪು ಎಷ್ಟು ಕೈ?’ ನಮ್ಮತ್ತಿ ನನ್ನ ಮಾರಿ ನೋಡಿದ್ಲು, ಗಡಿಗಿ ನೋಡಿದ್ಲು, ಮತ್ತ ನನ್ನ ಮಾರಿ ನೋಡಿದ್ಲು. ಆಕಿಗೂ ತಿಳೀತು! ಉಪ್ಪು ಹದಿನೈದು ಮಂದಿಗೆ ಸರಿ ಬಿದ್ದೇತಿ, ಪಲ್ಲೆ ಅಷ್ಟ ಕಡಿಮಿ. ಕಚ್ಚಿ ಹಾಕಿ ಸೀರಿ ಬಿಗಿ ಮಾಡ್ಕೊಂಡು ಎದ್ಲು ನೋಡು ಮುದುಕಿ! ನಾನೂ ಗಂಗವ್ವನೂ ಹಿತ್ತಲಕ್ಕ ಓಡಿ ಉಳಿದ ಪುಂಡಿಸೊಪ್ಪು ಅಷ್ಟೂ ಹರ್ಕೊಂಡು ಬಂದ್ವಿ, ಗಂಗವ್ವ ಹೊಸ ಸೀರಿಯಾಗ ಬೀಸುಕಲ್ಲಿಗೆ ಕುಂತು ಆ ಕಂಟ್ರೋಲ್ ಜೋಳ ಒಡದು ನುಚ್ಚು ಮಾಡಿದ್ಲು. ಉಪ್ಪು ಹಾಕ್ಲಾರದ ಎರಡು ಗಡಿಗಿ ಕುದಿಸಿ, ಮೊದಲಿನ ಗಡಿಗಿದ್ದು ಅದರ ಜೋಡಿ ಕೂಡಿಸಿ ಮೂರಕ್ಕೂ ಸಮ ಸುರುವಿದ್ವಿ. ಬೀಗರ ಲಿಂಗಪೂಜೆ ಮುಗಿಯೋದು ತಡಾಗಿದ್ದು ನಮ್ಮ ಪುಣ್ಯ. ಕುಸುಬಿ ಎಣ್ಣಿ ಕಾಯಿಸಿ, ಬಳ್ಳೊಳ್ಳಿ ಜಜ್ಜಿ ಹಾಕಿ, ಕೆಂಪಗ ಮಾಡಿ ಒಗ್ಗರಣಿ ಕೊಟ್ಟೆ. ಆ ವಾಸನಿ ಪಡಸಾಲಿಗೆ ಹೋತು, ಹೊರಗ ಯಾವುದೋ ಕೂಸು ‘ಯವ್ವಾ ಹಸಿವು’ ಅಂತ ಅಳಾಕತ್ತಿತು. ನನಗ ಆವಾಗ ಧೈರ್ಯ ಬಂತು.

ಎಡಿ ತೋರಿಸಿದ್ವಿ, ಸಾಲಾಗಿ ಕುಂದ್ರಿಸಿದ್ವಿ. ಬಿಸಿ ರೊಟ್ಟಿ, ಅದರ ಮ್ಯಾಲೆ ಬಾಜೂ ಮನಿಯಿಂದ ಬಂದ ಬೆಣ್ಣಿ, ಪುಂಡಿಪಲ್ಲೆ, ಎರಡು ನಮೂನಿ ಹಿಂಡಿ, ಹಸಿ ಉಳ್ಳಾಗಡ್ಡಿ, ಮಾದಲಿ ಎಲಿಗೆ ಒಂದೊಂದು ಚಿಟಿಕಿ. ನಾನು ಬಾಗಲ ಹಿಂದ ನಿಂತು ಚನ್ನಬಸವ್ವನ ಕೈ ಒಂದನ್ನ ನೋಡಾಕತ್ತೀನಿ. ಒಂದು ತುತ್ತು ಹಾಕ್ಕೊಂಡ್ಲು. ಎರಡನೇ ತುತ್ತು. ಅರ್ಧ ರೊಟ್ಟಿ ಆತು. ಅರ್ಧ ರೊಟ್ಟಿಗೆ ಕೈ ತೊಳಕೊಳ್ಳಾಕಿ ಅಲ್ಲೇನು, ಈಗ ಎದ್ದಳು ಅಂತ ತಿಳಿದೆ. ತಲಿ ಎತ್ತಿ ‘ಏ, ಯಾರರ ಇದ್ದೀರೇನು? ಪಲ್ಲೆ ತರ್ರಿ’ ಅಂದ್ಲು! ಮತ್ತೊಂದು ರೊಟ್ಟಿ, ಮತ್ತ ಪಲ್ಲೆ. ಮೂರನೇ ರೊಟ್ಟಿ ಮುರಕೊಂತ ಕೇಳಿದ್ಲು, ‘ಬೀಗರ, ಅಡಿಗಿ ಯಾರು ಮಾಡ್ಯಾರ್ರೀ?’

ನಮ್ಮತ್ತಿ ಬಾಯಿ ತೆರದಿದ್ಲು ‘ನಮ್ಮ ಗಂಗಿ’ ಅನ್ನಾಕ. ಅಷ್ಟರಾಗ ಮಜ್ಜಿಗಿ ಚರಗಿ ಹಿಡಕೊಂಡು ನಿಂತಿದ್ದ ಗಂಗವ್ವನೇ ಒದರಿಬಿಟ್ಲು, ‘ನಾ ಮಾಡಿಲ್ರೀ, ನಮ್ಮತ್ತಿಗಿ ಮಾಡ್ಯಾಳ. ನಾ ಬರೇ ಉಪ್ಪು ಹಾಕೀನಿ. ಅತ್ತಿಗಿನೂ ಹಾಕಿದ್ಲು, ನಮ್ಮವ್ವನೂ ಹಾಕಿದ್ಲು. ಮೂರು ಕೈ ಆಗಿತ್ತು, ನೀವು ಹದಿನೈದು ಮಂದಿ ಬಂದ್ರಿ, ಸರಿಹೋತು.’ ಇಷ್ಟೂ ಹೇಳಿದ್ಲು ಹುಡುಗಿ! ನಮ್ಮಾವ ನೆಲ ನೋಡಾಕತ್ತಿದ್ರು. ನಮ್ಮತ್ತಿ ಸೆರಗು ಬಾಯಿಗೆ ತುರಕ್ಕೊಂಡ್ಲು. ನನಗ ಜವಳಗೇರಿ ವರ ಕಣ್ಣಮುಂದ ಬಂದ. ಚನ್ನಬಸವ್ವ ರೊಟ್ಟಿ ಕೆಳಗಿಟ್ಲು. ನಗಾಕ ಸುರು ಮಾಡಿದ್ಲು ನೋಡು, ಹೊಟ್ಟಿ ಅಲುಗಾಡಿ, ಕಣ್ಣಾಗ ನೀರು ಬಂದು, ನೆತ್ತಿಗೆ ಹತ್ತಿ ಕೆಮ್ಮಿ, ಮತ್ತ ನಕ್ಲು. ‘ನಮ್ಮನ್ಯಾಗೂ ಎಡಿ ಆಗೋತನಕ ನಾಲಿಗಿ ಹಚ್ಚಂಗಿಲ್ಲವ್ವಾ. ಮೂರು ಮಂದಿ ಸೊಸ್ತೇರು ಅದಾರ. ಆಕಿ ಹಾಕಿರ್ತಾಳಂತ ಈಕಿ, ಈಕಿ ಹಾಕಿರ್ತಾಳಂತ ಆಕಿ, ಯಾರೂ ಉಪ್ಪು ಹಾಕಂಗಿಲ್ಲ. ಕೇಳಿದ್ರ ಮೂರೂ ಮಂದಿ ‘ನಾ ಹಾಕೀನ್ರಿ’ ಅಂತಾರ! ವರ್ಷಗಟ್ಲೆ ಸಪ್ಪನ ಉಣ್ಣಾಕತ್ತೀನಿ ನಾನು. ಹಾಕಿದ್ದು ಹಾಕೀನಿ ಅಂತ ಹೇಳಾಕಿ ಒಬ್ಬಾಕಿ ನಮ್ಮನಿಗೆ ಬೇಕು’ ಅಂದ್ಲು. ಆಮ್ಯಾಲೆ ಹುಡುಗನ ಅಪ್ಪನ ಕಡಿ ತಿರುಗಿ, ‘ಏನು ನೋಡ್ತೀಯೋ, ಮಾತು ಮುಗಿಸು, ಪಲ್ಲೆ ಆರ್ತೈತಿ’ ಅಂದ್ಲು.

ಹಿತ್ತಲದಾಗ ಗಂಗವ್ವ ನನ್ನ ತಬ್ಬಿಕೊಂಡು ಅತ್ತಳು. ನಾನೂ ಅತ್ತೆ, ಸುಳ್ಳು ಯಾಕ ಹೇಳಲಿ. ನಮ್ಮತ್ತಿ ಗಡಿಗಿ ತಳಕ್ಕಿದ್ದ ಪಲ್ಲೆ ರೊಟ್ಟಿಗೆ ಹಚ್ಚಿಕೊಂಡು ಬಂದು ನನ್ನ ಬಾಯಿಗಿಟ್ಲು. ‘ಉಣ್ಣು, ಸಪ್ಪನ ಕೈಯಾಕಿ’ ಅಂದ್ಲು. ಉಪ್ಪು ಎಷ್ಟು ಸರಿಯಾಗಿತ್ತು ಅಂತೀ! ಅವತ್ತಿನಿಂದ ನಮ್ಮನ್ಯಾಗ ಒಲಿ ಮುಂದಿನಾಕಿ ಉಪ್ಪು ಹಾಕಿದ ಕೂಡ್ಲೆ ‘ಹಾಕೀನಿ’ ಅಂತ ಓಣಿ ಕೇಳಂಗ ಒದರ್ತಾಳ. ನಿಮ್ಮವ್ವ ಒದರ್ತಾಳಲ್ಲ, ನೀವು ಆಡಿಕೊಂಡು ನಗ್ತೀರಲ್ಲ, ಅದು ಇದಕ್ಕ. ಬಂದೋರು ಹೆಚ್ಚಾದ್ರು ಅಂತ ಹೆದರಬ್ಯಾಡ, ಮಾಡಿದ್ದನ್ನ ಮಾಡೀನಿ ಅಂತ ಬಾಯಿಬಿಟ್ಟು ಹೇಳು, ಬಂದೋರ ಎಲಿ ತುಂಬುತೈತಿ. ಏಳು ಈಗ, ನಾಳಿಗೆ ನುಚ್ಚು ಒಡಿಬೇಕು.