ಹಡಗಿನಲ್ಲಿ ಬಂದ ಟಾರು

ಮುಲಾಮಿನ ಘಾಟಿಗೆ ಹೊಲಿಗೆ ಕೆಲಸದ ಹೆಂಗಸೊಬ್ಬಳು ಆಸ್ಪತ್ರೆಯ ಬೆಂಚಿನ ತುದಿಗೆ ಸರಿದಳು. ಕಿವಿ ಮಾತ್ರ ಸರಿಯಲಿಲ್ಲ. ಪಕ್ಕದಲ್ಲಿ ಅರವತ್ತು ದಾಟಿದ ಅಣ್ಣ, ತಂಗಿ. ಹೊಪ್ಪಳೆ ಎದ್ದ ತನ್ನ ಮೊಣಕೈಗೆ ತಂಗಿ ಟಾರು ಬೆರೆಸಿದ ಮುಲಾಮು ಸವರುತ್ತಿದ್ದಳು. ಅಣ್ಣ ಒಂದಿಷ್ಟನ್ನು ಬೆರಳಲ್ಲಿ ಹೊಸಕಿ ಮೂಸಿ ನೋಡಿದ.

“ಇದು ನಮ್ಮ ಟಾರಲ್ಲ ಕಣೇ.”

“ಟಾರಲ್ಲೂ ನಮ್ದು, ಅವರ್ದು ಅಂತ ಇದ್ಯಾ?”

“ಉಕ್ಕಿನ ಕಾರ್ಖಾನೇಲಿ ಮೂವತ್ತು ವರ್ಷ ಟಾರು ಕಾಯಿಸಿದೋನಿಗೆ ಗೊತ್ತಾಗಲ್ವಾ? ಕಲ್ಲಿದ್ದಲು ಬೇಯಿಸೋ ಒಲೆ ಇದ್ರೆ ತಾನೇ ಟಾರು! ಇಲ್ಲೀಗ ಗುಜರಿ ಕರಗಿಸಿ ಉಕ್ಕು ಮಾಡ್ತಾರೆ, ಒಲೆಗಳೆಲ್ಲ ಆರಿಹೋದ್ವು. ಪಕ್ಕದ ದೇಶದಲ್ಲೂ ಅದೇ ಕತೆ. ಸಮುದ್ರದಾಚೆ ಮಾತ್ರ ವರ್ಷವರ್ಷ ಹೊಸ ಒಲೆ ಏಳ್ತಿವೆ. ಇದು ಅಲ್ಲಿಂದ ಹಡಗಲ್ಲಿ ಬಂದಿದ್ದು.”

“ಎಲ್ಲಿಂದಾದ್ರೂ ಬರ್ಲಿ, ತುರಿಕೆ ನಿಲ್ಲುತ್ತೆ. ಆದ್ರೆ ಈ ವಾಸನೆ... ಸೊಸೆ ನನ್ನ ತಟ್ಟೇನ ಹಿತ್ತಿಲ ಮೆಟ್ಟಿಲ ಮೇಲೆ ಇಡ್ತಾಳಣ್ಣ.”

ಅಣ್ಣ ಬೆರಳು ಒರೆಸಿಕೊಂಡ.

“ನಾನೂ ನಿಂಗೆ ಅಲ್ಲೇ ಇಡ್ತಿದ್ನಲ್ಲಣ್ಣ, ನೀನು ಕೆಲಸದಿಂದ ನೇರ ಬಂದಾಗ.”

“ಅದೆಲ್ಲ ಈಗ್ಯಾಕೆ?”

“ನನ್ನ ಮಗೂನ ಎತ್ಕೊಳ್ಳೋಕೂ ನಿನ್ನ ಬಿಡ್ತಿರ್ಲಿಲ್ಲ.”

“ಸಾಕು, ಏಳು. ಇವತ್ತು ನಮ್ಮನೇಲಿ ಊಟ.”

“ಈ ವಾಸನೆ ಹೊತ್ಕೊಂಡಾ? ಅತ್ತಿಗೆ ಏನಂದ್ಕೋತಾಳೋ!”

ಅಣ್ಣ ಅವಳ ಚೀಲವನ್ನು ಹೆಗಲಿಗೇರಿಸಿಕೊಂಡು ಬಾಗಿಲತ್ತ ಹೊರಟ.

“ಕಾರ್ಖಾನೆ ಮುಚ್ಚಿದ ಮೇಲೆ ನಿಮ್ಮತ್ತಿಗೆ ನನ್ನ ಹಳೇ ಅಂಗಿ ಒಂದನ್ನ ಒಗೆಯದೇ ಇಟ್ಕೊಂಡಿದ್ದಾಳೆ. ಅದರಲ್ಲೂ ಈಗ ವಾಸನೆ ಉಳಿದಿಲ್ಲ ಅಂತ ಕೊರಗ್ತಾಳೆ. ನಡಿ, ಅವಳ ಪಕ್ಕಾನೇ ಕೂತು ಉಣ್ಣು.”